ಕಾಮಣ್ಣನ ಪಾಲಿಗೆ ಹೋದ ತೊಟ್ಟಿಲು

ನಮ್ಮಪ್ಪ ಬಸವಪ್ರಭು ವರ್ಷವಿಡೀ ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ ಕಾಳಿನ ವ್ಯಾಪಾರಿ, ಹೋಳಿ ಹುಣ್ಣಿಮೆ ಬಂತೆಂದರೆ ಕಳ್ಳ. ಉಣಕಲ್ಲಿನ ನಮ್ಮ ಓಣಿಯಲ್ಲಿ ಕಾಮಣ್ಣನನ್ನು ಸುಡುವ ಕಟ್ಟಿಗೆ, ಸೆಗಣಿಯ ಕುಳ್ಳು ಕದ್ದದ್ದೇ ಆಗಬೇಕು. ಕೊಂಡು ತಂದರೆ ಅದು ಹೋಳಿಯೇ ಅಲ್ಲ. ಓಣಿಯ ಹುಡುಗರಿಗೆ ಮೀಸೆ ಚಿಗುರುವ ವಯಸ್ಸು, ಅಪ್ಪನಿಗೆ ಮೀಸೆ ನೆರೆಯುವ ವಯಸ್ಸು. ಆದರೂ ಅವರಿಗೆಲ್ಲ ಅವನೇ ನಾಯಕ. ಹದಿನಾಲ್ಕರ ನಾನು ಅವನ ಬಲಗೈ.

"ಹೆಣ್ಣುಹುಡುಗಿ ಕಟ್ಟಿಗಿ ಕದಿಯಾಕ ಹೋಗ್ತಾಳೇನ?" ಎಂದು ಅವ್ವ ಗೊಣಗಿದರೆ ಅಪ್ಪ, "ಓಡೂದ್ರಾಗ ನಮ್ಮ ಆರತೀನ್ನ ಹಿಡಿಯೂ ಗಂಡಸು ಈ ಓಣ್ಯಾಗ ಅದಾನೇನ? ಇದ್ರ ಕರಿ, ನೋಡೂಣು" ಎನ್ನುತ್ತಿದ್ದ. ಅವ್ವ ಯಾರನ್ನು ಕರೆದಾಳು!

ಒಂದು ಕಾನೂನಿತ್ತು. ಕಾಮಣ್ಣನ ರಾಶಿಗೆ ಬಿದ್ದದ್ದು ಕಾಮಣ್ಣನದು, ತಿರುಗಿ ಕೇಳುವಂತಿಲ್ಲ. ಕೇಳಿದವರು ರಾಶಿಯ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಬಾಯಿ ಬಡಿದುಕೊಳ್ಳಬೇಕು. ಅಷ್ಟಾದ ಮೇಲೂ ಹುಡುಗರಿಗೆ ಮನಸ್ಸಿದ್ದರೆ ಕೊಟ್ಟಾರು. ಇದನ್ನು ಕಟ್ಟುನಿಟ್ಟಾಗಿ ನಡೆಸುತ್ತಿದ್ದವನು ಅಪ್ಪನೇ. ಹಿಂದಿನ ವರ್ಷ ಮುರುಕು ಏಣಿ ಕೇಳಲು ಬಂದ ನನ್ನ ಗಣಿತದ ಮಾಸ್ತರರನ್ನೂ ಅವನು ಬಿಟ್ಟಿರಲಿಲ್ಲ. ಆಮೇಲೆ ಅವರ ತರಗತಿಯಲ್ಲಿ ಕೂತು ಬಾಳ್ವೆ ಮಾಡಿದವಳು ನಾನು.

ನಾನು ಹೇಳುವ ಹೋಳಿ ಬಂದಾಗ ಅಕ್ಕ ಬಾಣಂತನಕ್ಕೆಂದು ಮನೆಯಲ್ಲಿದ್ದಳು. ಅದೇ ವಾರ ಕೂಸಿಗೆ ಹೆಸರಿಡುವುದಿತ್ತು. ಅಪ್ಪನ ಅವ್ವ ಈರವ್ವ, ನಮ್ಮ ಆಯಿ, ಒಂದೇ ಹಟ ಹಿಡಿದಿದ್ದಳು: ಕೂಸನ್ನು ತನ್ನ ತವರಿನ ಕಲಘಟಗಿ ತೊಟ್ಟಿಲಿನಲ್ಲೇ ಹಾಕಬೇಕು. ಆಯಿ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟ ಮೇಲೆ ಹುಟ್ಟಿದವನು ಅಪ್ಪ. ಅವನಿಗೆಂದು ಆಕೆಯ ತಂದೆ ಆ ಬಣ್ಣದ ತೊಟ್ಟಿಲನ್ನು ಮಾಡಿಸಿ ಕಳಿಸಿದ್ದರು. ಅದರಲ್ಲಿ ಮಲಗಿದ ಕೂಸು ಉಳಿಯಿತು. ಅಟ್ಟದ ಮೇಲಿದ್ದ ಅದನ್ನು ಆಯಿ ಪ್ರತಿ ದೀಪಾವಳಿಗೆ ತಾನೇ ಒರೆಸುತ್ತಿದ್ದಳು, ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ.

ಅದರ ಒಂದು ಪಟ್ಟಿ ಬಿರಿದಿತ್ತು. ಅಪ್ಪನಿಗೆ ಹೇಳಿದರೆ ತಾನೇ ಸುತ್ತಿಗೆ ಹಿಡಿದು ಕೂತು ಉಳಿದ ಪಟ್ಟಿಗಳನ್ನೂ ಮುರಿದಾನೆಂದು ಹೆದರಿ, ಆಯಿ ಸದ್ದಿಲ್ಲದೆ ತೊಟ್ಟಿಲು ಬಿಚ್ಚಿಸಿ, ಗೋಣಿಚೀಲದಲ್ಲಿ ಕಟ್ಟಿ, ಕಟ್ಟಿಗೆ ಕೆಲಸದ ಯಾಕೂಬಸಾಬರ ಶೆಡ್ಡಿಗೆ ಕಳಿಸಿದ್ದಳು. ಇದು ನಮಗೆ ಗೊತ್ತಿರಲಿಲ್ಲ.

ಯಾಕೂಬಸಾಬರು ದೊಡ್ಡ ಮನಸ್ಸಿನವರು. ಪ್ರತಿ ಹೋಳಿಗೆ ಚೂರುಪಾರು ಕಟ್ಟಿಗೆಯ ಒಂದು ಗಂಟನ್ನು ಶೆಡ್ಡಿನ ಮುಂದೆ ಬೇಕೆಂದೇ ಇಟ್ಟು ನಮಾಜಿಗೆ ಹೋಗುತ್ತಿದ್ದರು. ನಾವು ಅದನ್ನು ಕಳ್ಳಹೆಜ್ಜೆ ಇಟ್ಟು ಕದ್ದು ತರುತ್ತಿದ್ದೆವು. ಆ ಸಂಜೆ ಅಲ್ಲಿ ಎರಡು ಗಂಟುಗಳಿದ್ದವು. ಅಪ್ಪ ದೊಡ್ಡದನ್ನೇ ಹೆಗಲಿಗೇರಿಸಿದ.

"ಈ ವರ್ಷ ಸಾಬ್ರು ಭಾಳ ದಿಲ್ದಾರ ಆಗ್ಯಾರ" ಎಂದು ಓಡಿ ಬಂದು ರಾಶಿಗೆ ಎಸೆದ. ಅಷ್ಟಕ್ಕೇ ದಣಿವಾಗದೆ, ನನ್ನನ್ನು ಕರೆದುಕೊಂಡು ಕುಳ್ಳು ಕದಿಯಲು ಕೆರೆಯ ಕಡೆ ಹೊರಟ.

ಮರುದಿನ ಬೆಳಿಗ್ಗೆ ಯಾಕೂಬಸಾಬರು ಮನೆಗೆ ಬಂದರು. ಮುಖ ಇಳಿಬಿದ್ದಿತ್ತು. "ಬಸಣ್ಣಾರ, ಅವ್ವಾರ ತೊಟ್ಟಿಲ ಕಾಣವಲ್ದರಿ. ರಿಪೇರಿ ಮಾಡಿ ಗೋಣಿಚೀಲದಾಗ ಕಟ್ಟಿ ಇಟ್ಟಿದ್ನಿ. ನಿಮ್ಮ ಕಟ್ಟಿಗಿ ಬಾಜೂಕ ಇತ್ತು."

ಅಪ್ಪನ ಬಾಯಲ್ಲಿದ್ದ ಚಹಾ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಮಾರನೆಯ ನಸುಕಿಗೆ ಕಾಮಣ್ಣನನ್ನು ಸುಡುವುದಿತ್ತು.

"ಅವ್ವಗ ಹೇಳಬ್ಯಾಡ್ರಿ ಸಾಬ್ರ, ನಾ ನೋಡ್ತೇನಿ" ಎಂದ ಅಪ್ಪ.

"ನಾ ಯಾಕ ಹೇಳ್ಲಿರಿ" ಎಂದು ಯಾಕೂಬಸಾಬರು ಗೋಡೆ ನೋಡುತ್ತ ಹೊರಟುಹೋದರು.

ನಾವು ರಾಶಿಯ ಹತ್ತಿರ ಓಡಿದೆವು. ಬೇರೆ ಓಣಿಯವರು ಕದಿಯದಂತೆ ಹನಮೇಶ ಮತ್ತವನ ಗೆಳೆಯರು ಹಲಗಿ ಬಾರಿಸುತ್ತ ಕಾವಲಿದ್ದರು. ಅಪ್ಪ ಮೊದಲು ಬಿಸಿ ಮಿರ್ಚಿ ತರಿಸಿ ಲಂಚ ಕೊಟ್ಟು ನೋಡಿದ. ಅವರು ಮಿರ್ಚಿ ತಿಂದರು, ಆದರೆ ಜಾಗ ಬಿಟ್ಟು ಕದಲಲಿಲ್ಲ.

"ಹನಮೇಶಾ, ಒಂದು ಗಂಟ ತಿರಗಿ ಕೊಡಬೇಕಲೇ."

"ಕಾಕಾ, ಕಾನೂನ ನಿಮ್ದರಿ. ಮಾಸ್ತರ್ನೂ ಬಿಡಲಿಲ್ಲ ನೀವು."

ಹುಡುಗರು ಹೋ ಎಂದು ನಕ್ಕರು. ಅಪ್ಪ ನಗಲಿಲ್ಲ. ಯಾರ್ಡಿಗೆ ಹೋಗುವ ಬಿಳಿ ಅಂಗಿಯಲ್ಲೇ ರಾಶಿಯ ಮುಂದೆ ನಿಂತು, ಕೈಯನ್ನು ಬಾಯಿಗೆ ಬಡಿಯುತ್ತ ಲಬೋ ಲಬೋ ಎಂದು ಕೂಗಿದ. ಕಿಟಕಿಗಳು ತೆರೆದವು. ಗಣಿತದ ಮಾಸ್ತರರು ಮಾಳಿಗೆಯ ಮೇಲೆ ಬಂದು ನಿಂತು, ಸಮಾಧಾನದಿಂದ ಪೂರ್ತಿ ನೋಡಿ ಒಳಗೆ ಹೋದರು. ಅಪ್ಪನ ಕುಚೇಷ್ಟೆಗೆ ನಾನು ಎಷ್ಟೋ ಸಲ ನಾಚಿದ್ದೆ. ಆ ದಿನ ಮಾತ್ರ ನಾಚಿಕೆಯಾಗಲಿಲ್ಲ, ಅವನ ಪಕ್ಕಕ್ಕೆ ಹೋಗಿ ನಿಂತೆ.

ರಾಶಿಯನ್ನು ಬುಡದವರೆಗೆ ಕೆದಕಿದೆವು. ಗೋಣಿಚೀಲ ಇರಲಿಲ್ಲ.

"ಕಾವಲಿದ್ರಲ್ಲಲೇ?" ಎಂದು ಅಪ್ಪ ಕೇಳಿದ.

"ಇದ್ವಿರಿ ಕಾಕಾ. ನಿನ್ನೆ ನೀವು ಕುಳ್ಳು ತರಾಕ ಹೋದಾಗ ಒಂದೀಟ ಹೋಳಿಗಿ ಉಣ್ಣಾಕ ಹೋಗಿದ್ವಿ, ಅಷ್ಟ."

ಎಲ್ಲಿ, ಯಾರ ಮನೆಯಲ್ಲಿ ಎಂದು ಕೇಳುವಷ್ಟು ಬುದ್ಧಿ ಇಬ್ಬರಿಗೂ ಆಗ ಉಳಿದಿರಲಿಲ್ಲ. ಬೇರೆ ಓಣಿಯ ಪಾಲಾಯಿತೆಂದೇ ತಿಳಿದೆವು. ಮಧ್ಯಾಹ್ನವೆಲ್ಲ ಸುತ್ತಲಿನ ಓಣಿಗಳ ಕಾಮಣ್ಣನ ರಾಶಿಗಳನ್ನು ದೂರದಿಂದ ಇಣುಕಿ ನೋಡಿದ್ದಾಯಿತು.

"ಯವ್ವಾ, ನಿಮ್ಮ ಆಯಿ ಮುಂದ ನಾ ಹೆಂಗ ನಿಂದರ್ಲಿ?" ಎಂದ ಅಪ್ಪ, ಮನೆಯ ತಿರುವಿನಲ್ಲಿ. ಅವನು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು. ಓಣಿಯಲ್ಲಿ ಅಪ್ಪನ ಕೈ ಹಿಡಿದು ನಡೆಯುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಅವತ್ತು ಹಿಡಿದೆ.

ಆಯಿ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಅಪ್ಪ ಅವಳೆದುರು ನೆಲದ ಮೇಲೆ ಕೂತ.

"ಅವ್ವಾ, ಬೈ, ಬೇಕಾದ್ರ ಹೊಡಿ. ನಿನ್ನ ತೊಟ್ಟಿಲ ನಾನ ಕದ್ದು ಕಾಮಣ್ಣಗ ಹಾಕೇನಿ. ಈಗ ಅಲ್ಲೂ ಇಲ್ಲ."

ಆಯಿ ಮೊರ ಕೆಳಗಿಟ್ಟಳು. "ಬಾಯಿ ಬಡಕೊಂಡ್ಯಂತಲ್ಲ, ಖರೇನ?"

"ಹೂಂ."

"ಕೆರಿತನಕ ಕೇಳೇತಿ ಆಯಿ" ಎಂದೆ ನಾನು.

"ನನಗ ಕಿವಿ ಮಂದ. ಇನ್ನೊಮ್ಮೆ ಬಡಕೋ, ಕೇಳೂಣು."

ಅಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಪಾಪ, ಹೇಳಿದ ಮಾತು ಕೇಳುವ ಮಗನಂತೆ ಕೈ ಎತ್ತಿ ಬಾಯಿಯ ಹತ್ತಿರ ತಂದ. ಆಯಿಗೆ ತಡೆಯಲಾಗಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮೈಯೆಲ್ಲ ಕುಲುಕುವಂತೆ ನಕ್ಕಳು. ಒಳಗಿನ ಕೋಣೆಯಲ್ಲಿ ಇನ್ಯಾರೋ ನಕ್ಕರು. ಯಾಕೂಬಸಾಬರು!

ನಾನು ಓಡಿಹೋಗಿ ಕೋಣೆಯ ಬಾಗಿಲು ನೂಕಿದೆ. ಜಂತಿಗೆ ತೂಗುಹಾಕಿದ ಕೆಂಪು ಹಳದಿ ಬಣ್ಣದ ತೊಟ್ಟಿಲು. ಯಾಕೂಬಸಾಬರು ಅದರ ಕೊಂಡಿ ಜಗ್ಗಿ ನೋಡುತ್ತಿದ್ದರು. ಪಕ್ಕದಲ್ಲಿ ಅಕ್ಕ ಕೂಸನ್ನೆತ್ತಿಕೊಂಡು ನಗುತ್ತಿದ್ದಳು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಕಳ್ಳರಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ಹಿಂದಿನ ಸಂಜೆ ಕಟ್ಟೆಯ ಮೇಲೆ ಕೂತಿದ್ದ ಆಯಿ, ತಾನೇ ಹೊಲಿದು ಕೊಟ್ಟಿದ್ದ ಗೋಣಿಚೀಲ ಮಗನ ಹೆಗಲೇರಿ ಓಡುವುದನ್ನು ಕಣ್ಣಾರೆ ಕಂಡಿದ್ದಳು. ಕೇಳಿದರೆ ಬಾಯಿ ಬಡಿದುಕೊಳ್ಳಬೇಕು, ಕದ್ದರೆ ಯಾರ ಹಂಗೂ ಇಲ್ಲ. ಕಾವಲಿನ ಹುಡುಗರನ್ನು ಹೋಳಿಗೆಗೆ ಕರೆದು ಕೂಡಿಸಿ, ಹಿಂದಿನ ಹಾದಿಯಿಂದ ಯಾಕೂಬಸಾಬರ ಕೈಯಲ್ಲಿ ಗಂಟನ್ನು ಎತ್ತಿಸಿದ್ದಳು. ಬೆಳಗಿನ ಅವರ ಅಳುಮೋರೆಯೂ ಆಯಿ ಕಲಿಸಿ ಕಳಿಸಿದ್ದೇ.

ಅಪ್ಪ ಹೊಸ್ತಿಲ ಮೇಲೆ ಕುಸಿದು ಕೂತ. ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. ನಾನೂ ಅವನ ಪಕ್ಕದಲ್ಲೇ ಕೂತೆ.

"ಅವ್ವಾ, ಖರೇನ ಸುಟ್ಟುಹೋಗಿದ್ರ ಏನ್ ಮಾಡ್ತಿದ್ದಿ?" ಎಂದು ಅಪ್ಪ ಕೇಳಿದ.

ಆಯಿ ಎದ್ದು ಬಂದು ಅವನ ನೆರೆತ ತಲೆಯ ಮೇಲೆ ಕೈಯಿಟ್ಟಳು. "ಏನ್ ಮಾಡೂದೈತಿ? ಕಟ್ಟಿಗಿ ಅದು, ಸುಡ್ತಿತ್ತು. ಅದರಾಗ ಮಲಗಿದ್ದ ಕೂಸು ಉಳದೇತಿ. ಓಣಿ ತುಂಬ ಬಾಯಿ ಬಡಕೋಂತ ತಿರಗತೇತಿ. ನನಗ ಅಷ್ಟ ಸಾಕು."

ಬೆಳಗಿನಿಂದ ಅಪ್ಪನ ಹೊಟ್ಟೆಗೆ ಏನೂ ಬಿದ್ದಿಲ್ಲವೆಂಬುದು ಆಯಿಗೆ ಹೇಗೆ ಗೊತ್ತಾಯಿತೋ, ಅಡುಗೆಮನೆಯ ಕಡೆ ತಿರುಗಿ ಅವ್ವನನ್ನು ಕೂಗಿದಳು.

"ನನ್ನ ಕೂಸು ಹಸದೇತಿ, ಒಂದು ಹೋಳಿಗಿ ತಗೊಂಡ ಬಾರವ್ವಾ."