ಹೆಂಡತಿ ಹೊರಗೆ ನಿಂತ ದಿನ

ಇಸ್ತ್ರಿ ಮಾಡಿದ ಯೂನಿಫಾರ್ಮ್ ತೊಟ್ಟು ಡ್ರೈವರಣ್ಣ ಒಳಗೆ ಬಂದಾಗ ಪುಟ್ಟ ಮೇಡಂ ಎದೆ ಧಸಕ್ಕೆಂದಿತು. ಸರ್ಕಾರಿ ಉದ್ಯೋಗ ನೆರವು ಕಚೇರಿಯಲ್ಲಿ ಮನಶ್ಶಾಸ್ತ್ರಜ್ಞೆಯಾಗಲು ತರಬೇತಿ ಪಡೆಯುತ್ತಿದ್ದ ಹುಡುಗಿಗೆ ಅಲ್ಲಿನವರು ಇಟ್ಟ ಹೆಸರು ಅದು. ಕಾಯಿಲೆ ಬಿದ್ದು ಎದ್ದವರು ಮತ್ತೆ ಯಾವ ಕೆಲಸ ಮಾಡಬಲ್ಲರು ಎಂದು ಪರೀಕ್ಷಿಸಿ ಹೇಳುವುದು ಅವಳ ಕೆಲಸ. ಆದರೆ ಎದುರಿಗಿದ್ದವರ ಮುಖ ಬಾಡಿದರೆ ಸಾಕು, ಅವಳ ಕರುಳು ಚುರ್ ಅನ್ನುತ್ತಿತ್ತು, ಬಾಯಿ ಸುಮ್ಮನಿರುತ್ತಿರಲಿಲ್ಲ. ಲಕ್ವ ಹೊಡೆದು ಚೇತರಿಸಿಕೊಂಡಿದ್ದ ಈ ಡ್ರೈವರಿಗೆ ಕಳೆದ ವಾರವೇ, "ಯೂನಿಫಾರ್ಮ್ ಇಸ್ತ್ರಿ ಮಾಡಿಸಿಡಿ ಅಣ್ಣ, ಬಸ್ಸು ಸಿಕ್ಕ ಹಾಗೇನೇ" ಅಂದುಬಿಟ್ಟಿದ್ದಳು.

ಅವಳಿಗೆ ಕೆಲಸ ಕಲಿಸುತ್ತಿದ್ದ ಹಿರಿಯ ಮೇಡಂ ಅದನ್ನು ಕೇಳಿ ಕೂಗಾಡಲಿಲ್ಲ. ಪರೀಕ್ಷೆ ಮಾಡುವಾಗ ಕೋಣೆಯಲ್ಲಿ ಇನ್ಯಾರಿದ್ದರು ಎಂದಷ್ಟೇ ಕೇಳಿದರು. ಹೆಂಡತಿ ಇದ್ದರು, ಪಾಪ, ದೂರದಿಂದ ಬಂದವರನ್ನು ಹೊರಗೆ ಕೂರಿಸಲು ಮನಸ್ಸು ಬರಲಿಲ್ಲ ಎಂದು ಇವಳು ತೊದಲಿದಳು. ಹಾಗಾದರೆ ಲಕ್ವ ಹೊಡೆದದ್ದು ಇಬ್ಬರಿಗೂನಾ ಎಂದರು ಮೇಡಂ, ಮತ್ತೆ ಪರೀಕ್ಷೆ ಮಾಡಲು ಹೇಳಿದರು. ಬಸ್ ಡಿಪೋದವರು ಕಾಯುವುದು ಇವತ್ತು ಸಂಜೆಯವರೆಗೆ ಮಾತ್ರ. ಇವಳು ಹೂಂ ಅಂದರೆ ಅವನಿಗೆ ಬಸ್ಸು, ಇಲ್ಲವಾದರೆ ಇನ್ನು ಸ್ಟೀರಿಂಗ್ ಮುಟ್ಟುವ ಹಾಗೇ ಇಲ್ಲ.

ಇವತ್ತೂ ಜೊತೆಗೆ ಬಂದಿದ್ದ ಹೆಂಡತಿ, ಹೊರಗೆ ಕೂರಲು ಹೇಳಿದರೆ ಕುರ್ಚಿ ಬಿಟ್ಟೇಳಲಿಲ್ಲ. "ನಾನೇನೂ ಮಾತಾಡಲ್ಲಮ್ಮ, ಸುಮ್ನೆ ಪಕ್ಕದಲ್ಲಿ ಇರ್ತೀನಿ."

ಆ ದನಿಯಲ್ಲಿದ್ದ ಭಯ ಕೇಳಿದ ಮೇಲೆ ಪುಟ್ಟ ಮೇಡಂಗೆ ಕಳೆದ ವಾರದ್ದೆಲ್ಲ ಹೊಳೆಯತೊಡಗಿತು. ಆಕೆ ಗಂಡನ ಎಡಕ್ಕೇ ಕೂತದ್ದು, ಒರೆಸುವ ನೆಪದಲ್ಲಿ ಪರೀಕ್ಷೆಯ ತೂತಿನ ಹಲಗೆಯನ್ನು ಆಗಾಗ ತಿರುಗಿಸಿದ್ದು, ಎಡಕ್ಕಿದ್ದ ನೀರಿನ ಲೋಟವನ್ನು ಎತ್ತಿ ಅವನ ಬಲಗೈಗೆ ಕೊಟ್ಟದ್ದು. ಅಕ್ಕ, ದಯವಿಟ್ಟು ಏಳಿ ಎಂದು ತಾನೇ ಬಾಗಿಲು ತೆಗೆದಳು.

ಬಾಗಿಲಿನ ಗಾಜಿನಾಚೆ ಹೆಂಡತಿ ನಿಂತೇ ಇದ್ದಳು. ಒಳಗೆ ಡ್ರೈವರಣ್ಣ ಹಲಗೆಯ ತೂತುಗಳಿಗೆ ಬಣ್ಣದ ಪುಟ್ಟ ಗೂಟಗಳನ್ನು ಸಿಕ್ಕಿಸತೊಡಗಿದ. ಕೈ ಚುರುಕು, ಬಾಯಿ ಇನ್ನೂ ಚುರುಕು. ಈ ಮಕ್ಕಳಾಟ ಡಿಪೋದಲ್ಲಿ ಗೊತ್ತಾದರೆ ತನ್ನ ಮಾನ ಮೂರುಕಾಸಿಗೆ ಹರಾಜು ಎಂದು ನಕ್ಕ. ಇವಳಿಗೆ ನಗಲಾಗಲಿಲ್ಲ. ಬಲಗಡೆ ತುಂಬಿತು, ನಡು ತುಂಬಿತು, ಎಡಗಡೆ ಮಾತ್ರ ಹಾಗೇ ಉಳಿಯಿತು. ದೇವರೇ, ಒಮ್ಮೆ ಈಚೆ ನೋಡಲಿ ಎಂದು ಜೀವ ಒದ್ದಾಡಿತು. ಹಲಗೆಯನ್ನು ಒಂಚೂರು ಸರಿಸಿದರೆ ಯಾರಿಗೆ ಗೊತ್ತಾಗುತ್ತದೆ ಎನ್ನಿಸಿ ಕೈ ಮುಂದೆ ಹೋಗಿಯೂ ಬಿಟ್ಟಿತ್ತು. ಅದನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.

"ಆಯ್ತು ಮೇಡಂ. ಒಂದೂ ಬಿಟ್ಟಿಲ್ಲ."

ಕಣ್ಣಿಗೆ ಏನೂ ಆಗಿಲ್ಲ, ಎಡಗಡೆ ಎನ್ನುವುದೊಂದಿದೆ ಎಂಬುದನ್ನು ಮಿದುಳೇ ಮರೆತಿದೆ ಎಂದು ಅವಳು ಬಿಡಿಸಿ ಹೇಳಿದಳು. ಬಸ್ಸು ಆಗುವುದಿಲ್ಲ, ಕಳೆದ ವಾರ ತಾನು ಹಾಗೆ ಹೇಳಿದ್ದು ತಪ್ಪು ಎಂದೂ ಹೇಳಿದಳು. ಆಸೆ ತೋರಿಸಿ ಕುತ್ತಿಗೆ ಕುಯ್ಯುವುದು ಅಂದರೆ ಇದೇ ಎಂದು ಅವನು ಎದ್ದು ನಿಂತ. ಅವಳು ಹಲಗೆಯನ್ನು ತಿರುಗಿಸಿಟ್ಟಳು. ಖಾಲಿ ತೂತುಗಳು ಅವನ ಬಲಕ್ಕೆ ಬಂದವು.

ಅವನು ನೋಡಿದ. ಒಂದು ತೂತಿಗೆ ಬೆರಳಿಟ್ಟೂ ನೋಡಿದ. ಹೆಂಡತಿ ತಡೆಯಲಾರದೆ ಒಳಗೆ ಬಂದಳು. ಬಸ್ಸು ಹೋದರೆ ನೀವು ಉಳಿಯಲ್ಲ ಅಂತ ಹೆದರಿ ಮುಚ್ಚಿಟ್ಟೆ ಎಂದು ಅಳತೊಡಗಿದಳು. ಅವನು ಮೆಲ್ಲಗೆ ಕುರ್ಚಿಯಲ್ಲಿ ಕೂತ.

"ಬಸ್ಸಿನ ಬಾಗಿಲು ಎಡಗಡೆಗೇ ಇರೋದು ಕಣೇ," ಅಂದ. "ಸ್ಕೂಲ್ ಮಕ್ಕಳು ಇಳಿಯೋದೂ ಅಲ್ಲೇ."