ಎರಡನೆಯ ಬೆಣೆ

"ಅದೇನು ಬೋಳಿಮಗನೇ, ನಿಮ್ಮಪ್ಪನ ಫೋಟೋ ಒರೆಸ್ತಾ ಇದೀಯಾ? ಗಟ್ಟಿಯಾಗಿ ಉಜ್ಜೋ! ಆ ಬೋಲ್ಟಿನ ಸಂದೀಲಿ ಕಲೆ ಹಂಗೇ ಇದೆ."

ಯಜಮಾನ ಬೂಟಿನ ತುದಿಯಿಂದಲೇ ತೋರಿಸಿದ. ಮೇಸ್ತ್ರಿ ನಾಲ್ಕನೇ ನಂಬರಿನ ಪ್ರೆಸ್ಸಿನ ಬುಡದಲ್ಲಿ ಮಂಡಿಯೂರಿ ಕೂತು, ಸೀಮೆಎಣ್ಣೆಯಲ್ಲಿ ಅದ್ದಿದ ಹಳೇ ಬಟ್ಟೆಯಿಂದ ಉಜ್ಜುತ್ತಿದ್ದ. ಎಂಟು ದಿನದ ಕಲೆ. ಎಣ್ಣೆ, ಕಬ್ಬಿಣದ ಪುಡಿ ಎಲ್ಲ ಸೇರಿ ಕಪ್ಪಗೆ ಕಚ್ಚಿಕೊಂಡುಬಿಟ್ಟಿತ್ತು. ಗೊತ್ತಿಲ್ಲದವರು ನೋಡಿದರೆ ತುಕ್ಕು ಅನ್ನಬೇಕು. ಅದು ಅವನ ಒಡಹುಟ್ಟಿದ ತಂಗಿಯ ರಕ್ತ.

"ಹನ್ನೊಂದಕ್ಕೆ ಆಫೀಸರ್ ಬರ್ತಾರೆ. ಆಮೇಲೆ ಆ ನಿನ್ನ ಮುಖಾನೂ ಒಂಚೂರು ತೊಳ್ಕೊ. ಹೆಣ ಹೊತ್ತು ಬಂದವನ ಥರ ಇದೆ."

"ಆಯ್ತು ಸಾರ್."

"ಕೇಳಿದ್ರೆ ಏನಂತೀಯಾ?"

"ಒಂದೂ ಅಪಘಾತ ಆಗಿಲ್ಲ ಅಂತೀನಿ."

"ಹಾಂ. ಜಾಣ."

ಆ ಶೆಡ್ಡಿನಲ್ಲಿ ತಗಡು ಒತ್ತಿ ಬ್ರಾಕೆಟ್ಟು ಮಾಡುತ್ತಾರೆ. ಬ್ರಾಕೆಟ್ಟು ಲಾರಿ ಹತ್ತಿ ದೊಡ್ಡ ವಾಹನ ಕಾರ್ಖಾನೆಗೆ ಹೋಗುತ್ತದೆ. ಸಣ್ಣ ಶೆಡ್ಡಿನಲ್ಲಿ ಒಂದು ದಿನ ಕೆಲಸ ನಿಂತರೆ ದೊಡ್ಡ ಕಾರ್ಖಾನೆಯಲ್ಲೂ ನಿಲ್ಲುತ್ತದಂತೆ, ಹಾಗಾಗಬಾರದು ಅಂತ ಸರ್ಕಾರ ಒಂದು ನೆರವಿನ ಯೋಜನೆ ತಂದಿತ್ತು. ಬಿಡಿಭಾಗ ಒದಗಿಸುವವರನ್ನು ಬಲಪಡಿಸುವ ಯೋಜನೆ. ಒಪ್ಪಿಗೆ ಸಿಕ್ಕಿದರೆ ಯಜಮಾನನಿಗೆ ಅರ್ಧ ಬೆಲೆಗೆ ಹೊಸ ಯಂತ್ರಗಳು. ಷರತ್ತು ಒಂದೇ, ವರ್ಷದಲ್ಲಿ ಶೆಡ್ಡಿನೊಳಗೆ ಯಾರಿಗೂ ಗಾಯ ಆಗಿರಬಾರದು. ಅದನ್ನು ನೋಡಿ ಬರೆದುಕೊಂಡು ಹೋಗಲು ಇವತ್ತು ಅಧಿಕಾರಿ ಬರುತ್ತಿದ್ದ. ಹಾಜರಿ ಪುಸ್ತಕದಿಂದ ತಂಗಿಯ ಹೆಸರಿದ್ದ ಹಾಳೆಯನ್ನು ಯಜಮಾನ ಅವಳು ಆಸ್ಪತ್ರೆಯಲ್ಲಿದ್ದಾಗಲೇ ಹರಿದು ಹಾಕಿದ್ದ. ಇವತ್ತು ಅಧಿಕಾರಿಯ ರುಜು ಬಿದ್ದರೆ ಮುಗಿಯಿತು, ಅವಳು ಈ ಶೆಡ್ಡಿಗೆ ಕಾಲಿಟ್ಟೇ ಇಲ್ಲ ಅಂತ ಆಗಿಬಿಡುತ್ತದೆ.

ಹಾಗಾದರೆ ಅವಳ ಕೈಗೆ ಗತಿಯಿಲ್ಲ. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿದು ನಡುವಿನ ಮೂರೂ ಹೋಗಿದ್ದವು. ಗಾಯ ಈಗ ನಾರುತ್ತಿತ್ತು. ಇನ್ನೊಂದು ಸಲ ಕೊಯ್ಯದಿದ್ದರೆ ಮಣಿಕಟ್ಟಿನವರೆಗೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕೊಯ್ಯಬೇಕಾದ್ದು ಕಾರ್ಮಿಕರ ಆಸ್ಪತ್ರೆಯಲ್ಲಿ. ಅಲ್ಲಿನ ಗುಮಾಸ್ತ ಚೀಟಿ ನೋಡಿ ನಕ್ಕಿದ್ದ. "ಬಾಗಿಲಿಗೆ ಸಿಕ್ಕಿದ್ದು ಅಂತ ಬರೆಸಿದೀರಲ್ರೀ. ಬಾಗಿಲಿಗೆ ನಮ್ಮಲ್ಲಿ ಔಷಧ ಇಲ್ಲ. ಶೆಡ್ಡಿಂದಲೋ ಸರ್ಕಾರಿ ಆಫೀಸರಿಂದಲೋ ಅಪಘಾತದ ಕಾಗದ ತನ್ನಿ."

ಬಾಗಿಲು ಅಂತ ಬರೆಸಿದ್ದು ಬೇರೆ ಯಾರೂ ಅಲ್ಲ, ಮೇಸ್ತ್ರಿಯೇ. ಯಜಮಾನ ಕಿವಿಯಲ್ಲಿ ಊದಿದ್ದ, ಇವನು ಒಪ್ಪಿಸಿದ್ದ. "ಯಾವ ಬಾಗಿಲಪ್ಪಾ ಇದು, ಅಡಿಕೋಲು ಇಟ್ಟು ಕೊಯ್ದ ಹಾಗೆ ಮೂರು ಬೆರಳು ತಗೊಂಡು ಹೋಗೋದು?" ಎಂದು ಡಾಕ್ಟರು ಕೇಳಿದಾಗ ತಲೆ ಕೆಳಗೆ ಹಾಕಿದವನು ಇನ್ನೂ ಎತ್ತಿರಲಿಲ್ಲ.

ಯಜಮಾನನ ಹೆದರಿಕೆ ಒಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದನೋ ಏನೋ. ಅವನ ಹೊಟ್ಟೆಯೊಳಗೆ ಕೂತಿದ್ದು ಬೇರೆ.

ಪ್ರೆಸ್ಸಿಗೆ ಎರಡು ಗುಂಡಿ, ಬಲಕ್ಕೊಂದು ಎಡಕ್ಕೊಂದು. ಎರಡೂ ಕೈಯಲ್ಲಿ ಎರಡನ್ನೂ ಒತ್ತಿದರೆ ಮಾತ್ರ ಮೇಲಿನ ದಿಮ್ಮಿ ಕೆಳಗೆ ಬಡಿಯುತ್ತದೆ. ಕೈ ಒಳಗೆ ಉಳಿಯದಿರಲಿ ಅಂತಲೇ ಹಾಗೆ ಮಾಡಿದ್ದಾರೆ. ಆದರೆ ಎರಡು ಕೈಯಲ್ಲಿ ಒತ್ತುತ್ತಾ ಕೂತರೆ ಯಜಮಾನ ಕೇಳಿದಷ್ಟು ಮಾಲು ಯಾವ ಜನ್ಮಕ್ಕೂ ಏಳುವುದಿಲ್ಲ. ಅದಕ್ಕೇ ಮೇಸ್ತ್ರಿ ಹೆಂಗಸರಿಗೆಲ್ಲ ಹೆಬ್ಬೆರಳಷ್ಟು ಉದ್ದದ ಮರದ ಬೆಣೆ ಕೆತ್ತಿಕೊಟ್ಟಿದ್ದ. ಬಲಗಡೆಯ ಗುಂಡಿಯ ಸಂದಿಗೆ ಬೆಣೆ ತುರುಕಿದರೆ ಅದು ಒತ್ತಿಕೊಂಡೇ ಇರುತ್ತದೆ. ಬಲಗೈ ತಗಡು ಇಡುತ್ತದೆ, ಎಡಗೈ ಗುಂಡಿ ಒತ್ತುತ್ತದೆ. "ನಮ್ಮ ಮೇಸ್ತ್ರಿ ಕೈ ಚಿನ್ನದ ಕೈ" ಅಂತ ಹೆಂಗಸರು ಹೊಗಳಿದಾಗ ಅವನೂ ಉಬ್ಬಿದ್ದ, ಸುಳ್ಳೇನಿಲ್ಲ.

ಅವನು ಎಡಚ. ಅಚ್ಚು ಬದಲಾಯಿಸಿ ಪರೀಕ್ಷೆ ಮಾಡುವಾಗ ಎಡಗೈಯಲ್ಲೇ ತಗಡು ಹಿಡಿಯುತ್ತಾನೆ. ಅದಕ್ಕೆ ಹೆಂಗಸರ ಬೆಣೆ ತೆಗೆದು, ತನ್ನ ಬೆಣೆಯನ್ನು ಎಡಗಡೆಯ ಗುಂಡಿಗೆ ಸಿಕ್ಕಿಸುತ್ತಾನೆ. ಮುಗಿದ ಮೇಲೆ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನೆ. ಆವತ್ತು ಹೊರಗೆ ಲಾರಿಯವನು ಒಂದೇ ಸಮ ಹಾರನ್ ಹೊಡೆಯುತ್ತಿದ್ದ, ಯಜಮಾನ ಬಾಗಿಲಲ್ಲಿ ನಿಂತು ಅಮ್ಮ ಅಕ್ಕ ಎಲ್ಲ ಬೈಯುತ್ತಿದ್ದ. ಮೇಸ್ತ್ರಿ ಪರೀಕ್ಷೆ ಮುಗಿಸಿ, ಸ್ವಿಚ್ಚು ಆರಿಸಿ ಅಚ್ಚಿನ ಬೋಲ್ಟು ಬಿಗಿದ. ಅಷ್ಟರಲ್ಲಿ ತಂಗಿ ಬಂದು ಕೂತು, ತನ್ನ ಬೆಣೆಯನ್ನು ಬಲಗಡೆಗೆ ಸಿಕ್ಕಿಸಿಕೊಂಡಳು, ತಗಡು ಇಡಲು ಕೈ ಹಾಕಿದಳು. ಅವನ ಬೆಣೆ ಎಡಗಡೆ ಹಾಗೇ ಇತ್ತು. "ಹೂಂ, ಹಾಕಮ್ಮ" ಎಂದು ಮೇಸ್ತ್ರಿ ಸ್ವಿಚ್ಚು ಒತ್ತಿದ. ಎರಡೂ ಗುಂಡಿ ಒತ್ತಿಕೊಂಡೇ ಇದ್ದವಲ್ಲ, ದಿಮ್ಮಿ ಯಾರ ಅಪ್ಪಣೆಗೂ ಕಾಯಲಿಲ್ಲ.

ಅವಳು ಕಿರುಚಿಕೊಂಡಾಗ ಎಲ್ಲರೂ ಅವಳ ಹತ್ತಿರ ಓಡಿದರು. ಇವನೂ ಓಡಿದ. ಓಡುವುದಕ್ಕೆ ಮೊದಲು ಎಡಗಡೆಯ ಬೆಣೆ ಕಿತ್ತು ಜೇಬಿಗೆ ಹಾಕಿಕೊಂಡ. ಅಂಥ ಹೊತ್ತಿನಲ್ಲೂ ಕೈಗೆ ಅದು ತೋಚಿತಲ್ಲ!

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅಣ್ಣತಂಗಿ ಇಬ್ಬರೇ. ಎಂಟು ದಿನದಿಂದ ಅವಳಿಗೆ ಅವನೇ ತುತ್ತಿಡುತ್ತಿದ್ದ, ಅವನೇ ಜಡೆ ಹಾಕುತ್ತಿದ್ದ. "ಮೆಲ್ಲಗೆ ಕಣೋ, ನನ್ನ ತಲೇನೂ ಅಚ್ಚು ಅಂದ್ಕೊಂಡಿದೀಯಾ, ಹಿಂಗೆ ಬಿಗೀತೀಯಲ್ಲ" ಎಂದು ಅವಳು ನಗುತ್ತಿದ್ದಳು. ನಕ್ಕು ಸುಮ್ಮನಾಗಿ ಮತ್ತೆ ಅದೇ ಮಾತು. "ತಪ್ಪು ನಂದೇ ಇರಬೇಕು ಅಣ್ಣ. ಎಡಗೈ ಗುಂಡಿ ಮೇಲೆ ಬಿತ್ತೇನೋ. ನಂಗೆ ನೆನಪೇ ಬರ್ತಿಲ್ಲ. ನಿನ್ನ ಹೆಸರೂ ಕೆಡಿಸಿಬಿಟ್ಟೆ." ಅವನು "ಇರಲಿ ಬಿಡಮ್ಮ" ಅನ್ನುತ್ತಿದ್ದ. ಇರಲಿ ಬಿಡಮ್ಮ ಅಂತೆ! ಅಂದ ನಾಲಿಗೆಗೆ ಹುಳ ಬೀಳಲಿಲ್ಲ.

ಹನ್ನೊಂದೂಕಾಲಿಗೆ ಅಧಿಕಾರಿ ಬಂದ. ಗೇಟಿಗೆ ಕಟ್ಟಿದ ಬಟ್ಟೆಯ ಬ್ಯಾನರಿನ ಕೆಳಗೆ ಫೋಟೋ ಆಯಿತು. ಒಳಗೆ ಹೆಂಗಸರೆಲ್ಲ ಹೊಸ ಟೋಪಿ, ಹೊಸ ಗ್ಲೌಸು ಹಾಕಿಕೊಂಡು, ಬೆಣೆ ಇಲ್ಲದೆ, ಎರಡೂ ಕೈಯಲ್ಲಿ ಗುಂಡಿ ಒತ್ತುತ್ತಿದ್ದರು. ಅರ್ಧ ಗಂಟೆಯ ನಾಟಕಕ್ಕೆ ಬೆಳಿಗ್ಗೆಯಿಂದ ತಾಲೀಮು ನಡೆದಿತ್ತು.

"ಈ ನಾಲ್ಕನೇ ಪ್ರೆಸ್ಸಲ್ಲಿ ಯಾರೂ ಇಲ್ವಾ?" ಅಧಿಕಾರಿ ಕೇಳಿದ.

"ರಿಪೇರಿ ಸಾರ್," ಎಂದ ಯಜಮಾನ. "ಇವನು ನಮ್ಮ ಮೇಸ್ತ್ರಿ, ಹದಿನೆಂಟು ವರ್ಷದಿಂದ ಇದಾನೆ. ಬೇಕಾದ್ರೆ ಇವನನ್ನೇ ಕೇಳಿ. ಒಂದು ಗೀರು ಗಾಯ ಆಗಿಲ್ಲ. ಹೇಳೋ."

ಅಧಿಕಾರಿ ಫಾರಂ ಚಾಚಿದ. ಕೆಲಸಗಾರರ ಪರವಾಗಿ ಒಂದು ರುಜು ಬೇಕಿತ್ತು. ಮೇಸ್ತ್ರಿ ಪೆನ್ನು ತೆಗೆದುಕೊಂಡ. ಅಪಘಾತ ಎಂಬ ಕಡೆ ಯಜಮಾನ ಮೊದಲೇ ದುಂಡಗೆ ಸೊನ್ನೆ ಬರೆದಿಟ್ಟಿದ್ದ. ಮೇಸ್ತ್ರಿಗೆ ಬೆಳಿಗ್ಗೆ ಬಟ್ಟೆ ಬದಲಾಯಿಸಿದ ಗಾಯದ ವಾಸನೆ ಮೂಗಿನಲ್ಲೇ ಕೂತಿತ್ತು. ಇಲ್ಲಿ ರುಜು ಹಾಕಿ, ಮನೆಗೆ ಹೋಗಿ ಅದೇ ಕೈಯಲ್ಲಿ ತುತ್ತಿಡಬೇಕು. ಪೆನ್ನನ್ನು ಫಾರಂ ಮೇಲೆ ಇಟ್ಟುಬಿಟ್ಟ.

"ಆಗಿದೆ ಸ್ವಾಮಿ," ಎಂದ.

"ಏನು?"

"ಎಂಟು ದಿನದ ಹಿಂದೆ. ಇದೇ ಪ್ರೆಸ್ಸು. ನನ್ನ ತಂಗಿ, ಬಲಗೈದು ಮೂರು ಬೆರಳು. ಮಾಡಿದ್ದು ನಾನೇ. ನನ್ನ ಬೆಣೆ ಎಡಗಡೆ ಬಿಟ್ಟು ಸ್ವಿಚ್ ಹಾಕ್ದೆ. ಆಮೇಲೆ ಬೆಣೆ ಬಚ್ಚಿಟ್ಟೆ."

ಪ್ರೆಸ್ಸುಗಳ ಸದ್ದು ಒಂದೊಂದಾಗಿ ನಿಂತಿತು. ಶೆಡ್ಡಿಗೇ ಹಿರಿಯಳಾದ ದೊಡ್ಡಮ್ಮ ಎರಡನೇ ಪ್ರೆಸ್ಸಿನಿಂದ ಎದ್ದು ಬಂದಳು. ಬಂದವಳೇ ಮೇಸ್ತ್ರಿಯ ಕಾಲ ಬುಡದಲ್ಲಿ ಉಗಿದಳು.

"ಥೂ, ನಿನ್ನ ಬಾಯಿಗೆ ಮಣ್ಣು ಹಾಕ! ಆ ಹುಡುಗಿ ಎಂಟು ದಿನದಿಂದ ನಂದೇ ತಪ್ಪು, ನಂದೇ ತಪ್ಪು ಅಂತ ಸಾಯ್ತಾ ಇದಾಳಲ್ಲೋ ಹಲ್ಕಾ!"

ದೊಡ್ಡಮ್ಮ ಅಧಿಕಾರಿಯ ಕಡೆ ತಿರುಗಿ ಹೊಸ ಗ್ಲೌಸು ಕಿತ್ತೆಸೆದಳು. ಅವಳ ತೋರುಬೆರಳು ಮೊದಲ ಗೆಣ್ಣಿಗೇ ಮುಗಿದಿತ್ತು. "ಇವನು ಬೆಣೆ ಕೆತ್ತಿದ, ನಾವು ತುರುಕಿದ್ವಿ. ತುರುಕದೇ ಇದ್ರೆ ಮಾಲು ಏಳಲ್ಲ ಅಂತ ಈ ನಿಮ್ಮ ಸಾಹೇಬರಿಗೆ ಗೊತ್ತಿಲ್ವಾ ಕೇಳಿ. ಇದನ್ನೂ ಬರ್ಕೊಳಿ."

"ಏಯ್, ಹೋಗೇ ಮುದುಕಿ!" ಯಜಮಾನ ಹಾರಿಬಿದ್ದ. "ಸಾರ್, ಇವನು ಕುಡುಕ. ಇವನ ತಂಗಿ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ. ಹಾಜರಿ ನೋಡಿ ಬೇಕಾದ್ರೆ."

ಅಧಿಕಾರಿ ಕನ್ನಡಕ ತೆಗೆದು ಒರೆಸಿದ. ಅವನಿಗೆ ಕೋಪವೂ ಬರಲಿಲ್ಲ, ಕನಿಕರವೂ ಬರಲಿಲ್ಲ. ಊಟದ ಹೊತ್ತಿಗೆ ಇನ್ನೊಂದು ಶೆಡ್ಡು ನೋಡಬೇಕಿತ್ತು. "ನೋಡಮ್ಮ, ನಿಂದು ಹಳೇ ಗಾಯ. ಈ ವರ್ಷದ್ದು ಅಲ್ಲ. ಮೇಸ್ತ್ರಿ, ಬರೀ ಬಾಯಿಮಾತಿಗೆ ನಾನು ಬರೆಯಕ್ಕಾಗಲ್ಲಪ್ಪ. ಗಾಯ ಆದವಳೇ ಬಂದು ಹೇಳ್ಬೇಕು. ಹನ್ನೆರಡೂವರೆವರೆಗೂ ಇರ್ತೀನಿ. ಬಂದ್ರೆ ಬರ್ಕೊಂತೀನಿ, ಬರದೇ ಇದ್ರೆ ಇದು ಸೊನ್ನೇನೇ."

"ಹೋಗು, ಹೋಗು," ಯಜಮಾನ ಹಲ್ಲು ಕಡಿದ. "ಅವಳ ಮುಂದೆ ಹೇಳ್ಕೋ ಹೋಗು, ನಾನೇ ಕತ್ತರಿಸಿದ್ದು ಅಂತ. ಬರ್ತಾಳೆ ನೋಡು ಕುಣ್ಕೊಂಡು."

ಮನೆ ಎರಡು ಬೀದಿ ಆಚೆ. ಮೇಸ್ತ್ರಿ ಓಡಲಿಲ್ಲ, ನಡೆದೇ ಹೋದ. ತಂಗಿ ಗೋಡೆಗೊರಗಿ ಕೂತು, ಎಡಗೈಯೊಂದರಲ್ಲೇ ಒಗೆದ ಬಟ್ಟೆ ಮಡಚುತ್ತಿದ್ದಳು. ಅಂಗಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿದ್ದಳು. ಅದು ಅವನದೇ ಅಂಗಿ.

"ಇಷ್ಟು ಬೇಗ ಬಂದ್ಯಲ್ಲಣ್ಣ? ಆಫೀಸರ್ ಬರಲಿಲ್ವಾ?"

ಅವನು ಹೊಸ್ತಿಲಲ್ಲೇ ನಿಂತು ಹೇಳಿದ. ಎಡಗಡೆಯ ಗುಂಡಿ, ತನ್ನ ಬೆಣೆ, ಸ್ವಿಚ್ಚು, ಜೇಬು, ಎಲ್ಲ ಹೇಳಿದ. ಅವಳ ಕೈಯಲ್ಲಿದ್ದ ಅಂಗಿ ಯಾವಾಗಲೋ ನೆಲಕ್ಕೆ ಬಿದ್ದಿತ್ತು.

"ಎಂಟು ದಿನ," ಎಂದಳು. "ಎಂಟು ದಿನ ಬಾಯಿಗೆ ತುತ್ತಿಟ್ಟೆಯಲ್ಲೋ. ನಾನು ಅಷ್ಟು ಸಲ ನಂದೇ ತಪ್ಪು ಅಂದೆ. ಒಂದು ಸಲಾನಾದ್ರೂ ಅಲ್ಲ ಅನ್ನಬಾರದಿತ್ತಾ?"

"ತಪ್ಪಾಯ್ತಮ್ಮ."

"ಕೈ ಹೋಗಿದ್ದಕ್ಕೆ ಬೈಯಲ್ಲ. ಆ ಸುಡುಗಾಡು ಮಿಷಿನ್ ಮುಂದೆ ಯಾರಿಂದ ಬೇಕಾದ್ರೂ ಹಂಗಾಗ್ತಿತ್ತು. ಬಾಗಿಲು ಅಂದ್ಯಲ್ಲ, ಅದಕ್ಕೂ ಬೈಯಲ್ಲ, ನೀನು ಹೆದರಿದ್ದೆ. ಆದ್ರೆ ನಾನು ಅಳೋದು ನೋಡ್ಕೊಂಡು ಇರಲಿ ಬಿಡಮ್ಮ ಅಂದ್ಯಲ್ಲೋ ಪಾಪಿ."

ಅವನಿಗೆ ಅವಳು ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅವಳು ಹೊಡೆಯಲಿಲ್ಲ. ಗೋಡೆ ಹಿಡಿದು ಎದ್ದಳು. ಕುತ್ತಿಗೆಗೆ ಕಟ್ಟಿದ್ದ ಜೋಳಿಗೆಯಿಂದ ಕೈ ಹೊರಗೆ ತೆಗೆದು, ಬ್ಯಾಂಡೇಜಿನ ಗಂಟನ್ನು ಹಲ್ಲಿನಿಂದ ಬಿಚ್ಚತೊಡಗಿದಳು.

"ತಾಳು, ನಾನು ಬಿಚ್ತೀನಿ," ಎಂದು ಅವನು ಮುಂದೆ ಬಂದ.

"ಮುಟ್ಟಬೇಡ."

ಬಟ್ಟೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. ಕೊನೆಯ ಸುತ್ತು ಗಾಯಕ್ಕೆ ಅಂಟಿತ್ತು. ಅವಳು ಕಣ್ಣು ಮುಚ್ಚಿ ಎಳೆದಳು, ಹಸಿ ರಕ್ತ ಮೊಣಕೈಗೆ ಇಳಿಯಿತು.

"ಎಷ್ಟು ಹೊತ್ತು ಇರ್ತಾನಂತೆ ಆ ಆಫೀಸರು?"

"ಹನ್ನೆರಡೂವರೆ."

"ನಡಿ. ನನ್ನ ಹೆಸರು ನಾನೇ ಬರೆಸ್ತೀನಿ, ನಿನ್ನ ಹೆಸರೂ ನಾನೇ ಬರೆಸ್ತೀನಿ. ಬಾಗಿಲು ಅಂತ ಹೇಳಿಸಿದ ಆ ಬೇವರ್ಸಿ ಹೆಸರೂ ಬರೆಸ್ತೀನಿ." ಹೊಸ್ತಿಲು ದಾಟಿ ಬೀದಿಗಿಳಿದಳು. ಅವನು ಎಂದಿನಂತೆ ಅವಳ ಬಲಕ್ಕೆ ಬಂದ. ಅವಳು ನಿಂತಳು.

"ಪಕ್ಕದಲ್ಲಿ ಬರಬೇಡ. ಹಿಂದೆ ಬಾ."

ಬೀದಿಯ ಜನ ಬಾಗಿಲಿಗೆ ಬಂದು ನೋಡಿದರು. ತೆರೆದ ಕೈಯನ್ನು ಎಲ್ಲರಿಗೂ ಕಾಣುವಂತೆ ಎದೆಯ ಮಟ್ಟಕ್ಕೆ ಹಿಡಿದು ಅವಳು ಶೆಡ್ಡಿನ ಕಡೆ ನಡೆದಳು. ನಾಲ್ಕು ಹೆಜ್ಜೆ ಹಿಂದೆ, ಅವಳ ಮೊಣಕೈಯಿಂದ ತೊಟ್ಟಿಕ್ಕಿದ್ದನ್ನು ತುಳಿಯದ ಹಾಗೆ ನೋಡಿಕೊಂಡು, ಅಣ್ಣ ನಡೆದ.