ಕೈ ಡಾಕ್ಟರಿರುವ ಊರು

ನಮ್ಮತ್ತೆ ಬಟ್ಟೆ ಹೊಲಿದೇ ಬದುಕಿದವರು. ಸಣ್ಣ ಊರಿನ ಅಂಗಡಿ ಮುಚ್ಚಿ, ಹೊಲಿಗೆ ಮಿಷನ್ ಸಮೇತ ನಗರಕ್ಕೆ ನಮ್ಮ ಜೊತೆ ಇರಲು ಬಂದಾಗ ನಾನು ಅವರನ್ನು ಹೆದರಿಸಿಬಿಟ್ಟೆ. ನನ್ನ ಕೆಲಸವೇ ಅಂಥದ್ದು: ನಗರಸಭೆಯ ಅಂಕಿಅಂಶ ವಿಭಾಗದಲ್ಲಿ ಕೂತು ಸಣ್ಣ ಊರು, ದೊಡ್ಡ ಊರುಗಳನ್ನು ಹೋಲಿಸಿ ನೋಡುವುದು.

"ಊರು ಎರಡರಷ್ಟಾದ್ರೆ ಕಳ್ಳತನ ಬರೀ ಎರಡರಷ್ಟಾಗಲ್ಲ ಅತ್ತೆ, ಅದಕ್ಕಿಂತ ಜಾಸ್ತಿನೇ ಆಗುತ್ತೆ. ಚೀಲ ಭದ್ರವಾಗಿ ಹಿಡ್ಕೊಳ್ಳಿ."

"ಒಳ್ಳೇದು ಯಾವುದೂ ಹೆಚ್ಚಾಗಲ್ವೇನೆ ನಿನ್ನ ಲೆಕ್ಕದಲ್ಲಿ?"

"ಅದೂ ಹಾಗೇ ಹೆಚ್ಚುತ್ತೆ. ಜನಕ್ಕೆ ಜನ ಸಿಕ್ಕಷ್ಟೂ ಎರಡೂ ಬೆಳೆಯುತ್ತೆ," ಅಂದೆ. ಬಾಯಿಮಾತಿಗೆ ಅಂದೆ ಅಷ್ಟೇ; ಆಗ ನನ್ನ ಮೇಜಿನ ಮೇಲಿದ್ದದ್ದು ಕಳ್ಳತನದ ಅಂಕಿಗಳು ಮಾತ್ರ.

ಅತ್ತೆ ನನ್ನ ಮಾತು ಕೇಳಿ ಚೀಲ ಭದ್ರವಾಗಿ ಹಿಡಿದಿದ್ದೇ ಕುತ್ತಾಯಿತು. ಒಂದು ಮಧ್ಯಾಹ್ನ ಮಾರುಕಟ್ಟೆಯ ನೂಕುನುಗ್ಗಲಲ್ಲಿ ಯಾವನೋ ಬ್ಲೇಡಿನಿಂದ ಚೀಲದ ಪಟ್ಟಿ ಕತ್ತರಿಸಿದ. ಇವರು ಬಿಡಲಿಲ್ಲ. ಬ್ಲೇಡು ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ಚೀಲವೂ ಹೋಯಿತು, ಕಳ್ಳನೂ ಹೋದ.

ಚಪ್ಪಲಿ ಅಂಗಡಿಯವರೊಬ್ಬರು ಓಡಿಬಂದು ಕೈಗೆ ಬಟ್ಟೆ ಬಿಗಿದು ಕಟ್ಟಿ, ಟ್ಯಾಕ್ಸಿ ಹತ್ತಿಸಿದರಂತೆ. "ಪಕ್ಕದ ಕ್ಲಿನಿಕ್ಕಿಗೆ ಬೇಡಪ್ಪ, ಬೆರಳು ಮಡಚ್ತಾ ಇಲ್ಲ. ಕೈ ಡಾಕ್ಟರ ಹತ್ರಾನೇ ಹೋಗು," ಎಂದು ಚಾಲಕನಿಗೆ ಹೇಳಿದರಂತೆ.

ಸುದ್ದಿ ತಿಳಿದು ನಾನು ಎದ್ದೆನೋ ಬಿದ್ದೆನೋ ಅಂತ ಆಸ್ಪತ್ರೆಗೆ ಓಡಿದೆ.

"ನಮ್ಮಕ್ಕನಿಗೂ ಹೀಗೇ ಆಗಿತ್ತು ಕಣೆ," ಎಂದು ಅತ್ತೆ ಅಳುತ್ತಿದ್ದರು. "ಕುಡುಗೋಲು ತಾಗಿತ್ತು. ಊರ ಡಾಕ್ಟರು ಮೇಲೆ ಚರ್ಮ ಹೊಲಿದು ಕಳಿಸಿದ್ರು. ಸಾಯೋವರೆಗೂ ಆ ಬೆರಳು ಮಡಚಲೇ ಇಲ್ಲ. ನಾನಿನ್ನು ಸೂಜಿ ಹಿಡಿದ ಹಾಗೇ!"

"ಹಿಡೀತೀರಿ," ಅಂದರು ಡಾಕ್ಟರಮ್ಮ. "ಒಳಗೆ ಬೆರಳನ್ನ ಎಳೆಯೋ ದಾರ ಇರುತ್ತಲ್ಲ, ಅದು ತುಂಡಾಗಿದೆ. ಜೋಡಿಸ್ತೀನಿ. ನಾನು ನೋಡೋದು ಬರೀ ಕೈ. ಸಣ್ಣ ಊರಲ್ಲಿ ಹೀಗೆ ಕೂತಿದ್ರೆ ನೊಣ ಹೊಡೀಬೇಕಿತ್ತು. ಇಲ್ಲಿ ಊಟಕ್ಕೂ ಪುರುಸೊತ್ತಿಲ್ಲ, ಅಷ್ಟು ಕೈ ಬರ್ತವೆ."

ನನ್ನ ಕಣ್ಣು ತುಂಬಿ ಬಂತು. ಇಷ್ಟು ಜನ ಸೇರಿರದಿದ್ದರೆ ಈ ಡಾಕ್ಟರಮ್ಮ ಇಲ್ಲಿ ಇರುತ್ತಲೇ ಇರಲಿಲ್ಲ.

ಕೈ ಹದಕ್ಕೆ ಬರಲು ತಿಂಗಳುಗಳೇ ಹಿಡಿದವು. ಆಸ್ಪತ್ರೆಯಲ್ಲಿ ವ್ಯಾಯಾಮಕ್ಕೆಂದು ಒಬ್ಬ ಕಟುಕ, ಒಬ್ಬ ಪಿಟೀಲು ನುಡಿಸುವಾಕೆ, ನಮ್ಮತ್ತೆ ಒಂದೇ ಮೇಜಿನ ಸುತ್ತ ಕೂತು ಮಣ್ಣಿನ ಉಂಡೆ ಹಿಸುಕುತ್ತಿದ್ದರು. ಉಂಡೆಗಿಂತ ಹರಟೆಯೇ ಜಾಸ್ತಿ. "ನಮ್ಮೂರಲ್ಲಿ ಇಂಥವರು ಎಲ್ಲಿ ಸಿಗಬೇಕಿತ್ತು!" ಎಂದು ಮನೆಗೆ ಬಂದು ಹೇಳಿದ್ದೇ ಹೇಳಿದ್ದು.

ಹೆಬ್ಬೆರಳು ಮಾತು ಕೇಳತೊಡಗಿದ್ದೇ ತಡ, ಚಪ್ಪಲಿ ಅಂಗಡಿಗೆ ಹೋದೆವು. ಅಂಗಡಿಯವರಿಗೆ ಅತ್ತೆಯ ಗುರುತೇ ಸಿಗಲಿಲ್ಲ.

"ಇಲ್ಲಿ ದಿನಾ ಯಾರಾದ್ರೂ ಬೀಳ್ತಿರ್ತಾರಮ್ಮ, ನಾವ್ಯಾರಾದ್ರೂ ಎತ್ತುತ್ತಿರ್ತೀವಿ," ಎಂದು ನಕ್ಕರು.

"ನಿಮಗೆ ನೆನಪಿರದಿದ್ರೆ ಏನಂತೆ, ನನಗಿದೆಯಲ್ಲ," ಅಂದರು ಅತ್ತೆ. ಅಂಗಡಿ ಮುಂದೆ ಬಿಸಿಲಿಗೆ ಅಡ್ಡವಾಗಿ ಕಟ್ಟಿದ್ದ ಬಟ್ಟೆ ಉದ್ದಕ್ಕೆ ಹರಿದಿತ್ತು. ಅಂಗಡಿಯವರು ಬೇಡ ಬೇಡ ಎನ್ನುತ್ತಿದ್ದರೂ ಅತ್ತೆ ಅದನ್ನು ಇಳಿಸಿಕೊಂಡು, ಸ್ಟೂಲೆಳೆದು ಕೂತು, ಸೂಜಿಗೆ ದಾರ ಪೋಣಿಸಿದರು. ಹೊಲಿಗೆ ಮೊದಲಿನಷ್ಟು ನೇರ ಬರಲಿಲ್ಲ, ಆದರೆ ಗಟ್ಟಿಯಾಗಿತ್ತು. ಬಟ್ಟೆಯ ಇನ್ನೊಂದು ತುದಿ ಹಿಡಿದು ನಾನು ನಿಂತಿದ್ದೆ.